ನಾಲ್ಕನೆಯ ಚಕ್ರದ ಗೆರೆ

ಊಟಕ್ಕೆ ಕೂತರೆ ಒಂದು ಗಂಟೆ, ಸ್ನಾನಕ್ಕೆ ಹೋದರೆ ಇನ್ನೊಂದು. ಅದಕ್ಕೇ ಅಕ್ಕ ತಮ್ಮನಿಗೆ ಆಮೆ ಎಂದು ಹೆಸರಿಟ್ಟಿದ್ದಳು. ಅಂಥ ಆಮೆ ಕಾರ್ ರೇಸಿನಲ್ಲಿ ಮೂರು ಸಲ ಚಾಂಪಿಯನ್ ಆದಾಗ ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅಕ್ಕ ಮಾತ್ರ, "ಅಲ್ಲಿ ಉಳಿಸಿದ ಹೊತ್ತನ್ನೆಲ್ಲ ಬಚ್ಚಲಲ್ಲಿ ಖರ್ಚು ಮಾಡ್ತಾನೆ" ಎಂದು ಗೊಣಗಿದಳು. ಗೊಣಗುವಾಗ ಮುಖವೆಲ್ಲ ಹಿಗ್ಗಿತ್ತು.

ಅಪ್ಪನ ನಂತರ ಗ್ಯಾರೇಜು ನಡೆಸಿದವಳು ಅವಳೇ. ತಮ್ಮನಿಗೆ ಗೇರು ಹಾಕಲು ಕಲಿಸಿದವಳೂ ಅವಳೇ. ಗುಜರಿಗೆ ಹೊರಟಿದ್ದ ಕಾರೊಂದನ್ನು ಇಬ್ಬರೂ ಎರಡು ವರ್ಷ ಉಜ್ಜಿ ತಿದ್ದಿ ರೇಸಿಗಿಳಿಸಿದರೆ, ಮಹಾಶಯ ಮೊದಲ ತಿರುವಿನಲ್ಲೇ ಬೇಲಿಗೆ ನುಗ್ಗಿಸಿದ. ಅಕ್ಕ ಕಿವಿ ಹಿಂಡಿ, ಮರುದಿನವೇ ಬಂಪರ್ ನೆಟ್ಟಗೆ ಮಾಡಲು ಕೂತಳು. ಅಂದಿನಿಂದ ಇಪ್ಪತ್ತು ವರ್ಷ ಅವನ ಕಾರಿನ ಒಂದು ನಟ್ಟನ್ನೂ ಅವಳು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಪ್ರತಿ ಚಕ್ರ ಬಿಗಿ ಮಾಡಿ, ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುವಳು. ನಾಲ್ಕು ಗೆರೆ ಆದ ಮೇಲೆ "ಹೊರಡು" ಎನ್ನುವಳು.

ಅವನ ಕೊನೆಯ ರೇಸು ಬಂತು. ಗೆದ್ದರೆ ನಾಲ್ಕನೆಯ ಪಟ್ಟ. ಅಕ್ಕ ಮೂರು ಚಕ್ರ ಮುಗಿಸುವಷ್ಟರಲ್ಲಿ ಯಾರೋ ಪೆಟ್ರೋಲಿನ ಪೈಪು ನೋಡಲು ಕರೆದರು. ವಾಪಸು ಬಂದವಳು ಗಡಿಬಿಡಿಯಲ್ಲಿ "ಹೊರಡು" ಎಂದಳು.

ಇನ್ನು ಐದೇ ಸುತ್ತು, ತಮ್ಮ ಎಲ್ಲರಿಗಿಂತ ಮುಂದೆ. ಆಗ ಅವಳಿಗೆ ತಟ್ಟನೆ ಅನುಮಾನ ಹುಟ್ಟಿತು. ನಾಲ್ಕನೆಯ ಗೆರೆ ಎಳೆದೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಕರೆದರೆ ಪಟ್ಟ ಹೋಗುತ್ತದೆ. ಕರೆಯದಿದ್ದರೆ ತಮ್ಮನೇ ಹೋಗಬಹುದು. ಅಕ್ಕ "ಒಳಗೆ ಬಾ" ಎಂಬ ಹಲಗೆಯನ್ನು ಎತ್ತಿ ಹಿಡಿದಳು.

ಮುಂದಿನ ಸುತ್ತಿಗೇ ಬಂದು ನಿಂತ. ಯಾಕೆಂದು ಕೇಳಲಿಲ್ಲ. ಅವಳು ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟಳು. ನಟ್ಟು ಕೂದಲೆಳೆಯಷ್ಟೂ ಅಲುಗಲಿಲ್ಲ. ಧೂಳು ಊದಿ ನೋಡಿದರೆ ಗೆರೆಯೂ ಇತ್ತು.

ಅವನು ಮೂರನೆಯವನಾಗಿ ಬಂದ. ಗೆಲ್ಲುವ ಕಾರನ್ನು ಯಾಕೆ ನಿಲ್ಲಿಸಿದಿರಿ ಎಂದು ಪತ್ರಿಕೆಯವರು ಮುತ್ತಿಕೊಂಡಾಗ, "ಕಾಲು ಜೋಮು ಹಿಡಿದಿತ್ತು" ಎಂದ. ಮರುದಿನ ಅದನ್ನೋದಿ ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಅಕ್ಕನಿಗೆ ನಗು ಬರಲಿಲ್ಲ. ಗ್ಯಾರೇಜಿನ ಬೆಂಚಿನ ಮೇಲೆ ಕೂತು, "ಬಿಗಿಯಾಗೇ ಇತ್ತು ಕಣೋ. ಎಲ್ಲಾ ನನ್ನಿಂದಾನೇ ಹಾಳಾಯ್ತು" ಎಂದು ಗಳಗಳ ಅತ್ತಳು.

ತಮ್ಮ ಪಕ್ಕದಲ್ಲಿ ಕೂತ. "ಸಡಿಲ ಇದ್ದಿದ್ರೆ ನಿಂಗೆ ಸಮಾಧಾನ ಆಗ್ತಿತ್ತೇನೇ?"

ಅಕ್ಕ ಕಣ್ಣೊರೆಸಿಕೊಂಡಳು. ಆ ಪಟ್ಟಕ್ಕಾಗಿ ಅವಳು ಅತ್ತದ್ದು ಅದೇ ಕೊನೆ.