ಟರ್ಬೊ ತಣಿಯುವ ಹೊತ್ತು

ಡುಲೂತ್ ಊರಿನ ಆರ್ವಿಡ್ ಕೊಸ್ಕೆಲಾ ತನ್ನ ಮೂವತ್ತು ವರ್ಷದ ಹಳೆಯ ಕಾರಿನ ಎಂಜಿನ್ನಿಗೆ ಗುಜರಿಯಿಂದ ತಂದ, ಕಸುವು ಹೆಚ್ಚಿಸುವ ಟರ್ಬೊ ಕೂರಿಸಿದಾಗ ಹೆಂಡತಿ ಇರ್ಮಾ, "ಮುದಿ ಎತ್ತಿಗೆ ಹೊಸ ಗೆಜ್ಜೆ ಕಟ್ಟಿದ ಹಾಗಿದೆ" ಎಂದು ನಕ್ಕಿದ್ದಳು. ಕಾರೇನೋ ಗುಡ್ಡದ ರಸ್ತೆಯನ್ನು ಸಲೀಸಾಗಿ ಏರತೊಡಗಿತು. ಇರ್ಮಾಳ ಬಾಯಿ ಮಾತ್ರ ಮುಚ್ಚಲಿಲ್ಲ.

ಟರ್ಬೊಗೆ ಒಂದು ಕಟ್ಟಳೆಯಿದೆ. ಓಡಿ ಬಂದ ಕೂಡಲೇ ಎಂಜಿನ್ ನಿಲ್ಲಿಸಿದರೆ ಅದರೊಳಗಿನ ಎಣ್ಣೆ ಸೀದು ಕರಿಕಟ್ಟುತ್ತದೆ. ಹಾಗಾಗಿ ನಿಂತಲ್ಲೇ ಎರಡು ನಿಮಿಷ ಎಂಜಿನ್ ಓಡಲು ಬಿಟ್ಟು ತಣಿಸಬೇಕು. ಮನೆ ಮುಂದೆ ಆ ಗುರುಗುರು ಕೇಳಿದೊಡನೆ ಇರ್ಮಾ ಕಾಫಿಗೆ ನೀರಿಡುತ್ತಿದ್ದಳು. ಅವನು ಒಳಗೆ ಬರುವಷ್ಟರಲ್ಲಿ ಕಾಫಿ ಮೇಜಿನ ಮೇಲೆ ಹಬೆಯಾಡುತ್ತಿತ್ತು.

ಇರ್ಮಾ ತೀರಿಕೊಂಡ ಮೇಲೆ ಇದು ಎರಡನೇ ಚಳಿಗಾಲ. ಅಂಗಳದ ಹಿಮ ಸರಿಸುತ್ತಿದ್ದ ಪಕ್ಕದ ಮನೆಯ ಡೆಲ್ಮಾ ಬಂದು ಕಾರಿನ ಗಾಜು ತಟ್ಟಿದಳು.

"ಏನ್ ಮಾರಾಯ, ಅರ್ಧ ಗಂಟೆಯಿಂದ ಕೂತಿದೀಯ. ನಿನ್ ಟರ್ಬೊ ಇನ್ನೂ ತಣ್ಣಗಾಗ್ಲಿಲ್ವಾ?"

ಆರ್ವಿಡ್ ಕತ್ತಲುಗಟ್ಟಿದ ಅಡುಗೆಮನೆಯ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಅದು ಆಗ್ಲೇ ತಣ್ಣಗಾಯ್ತು, ಡೆಲ್ಮಾ. ಕಾಫಿ ನೀರೇ ಇನ್ನೂ ಕುದ್ದಿಲ್ಲ."