ಓಟದ ಗಾಡಿ ಕಟ್ಟುವುದನ್ನು ಬಿಟ್ಟದ್ದು

ಶಿಕಾರಿಪುರದಲ್ಲಿ ನಾನು ಓಟದ ಎತ್ತಿನ ಗಾಡಿ ಕಟ್ಟುತ್ತಿದ್ದೆ. ಹೊರೆ ಹೇರುವ ಗಾಡಿಯನ್ನು ಯಾವ ಬಡಗಿಯಾದರೂ ಕಟ್ಟುತ್ತಾನೆ, ಓಟದ್ದು ಬೇರೆ. ಎಲ್ಲಿ ಮರ ಉಳಿಸಬೇಕು, ಎಲ್ಲಿ ಕೆತ್ತಿ ತೆಗೆಯಬೇಕು ಎಂಬುದು ಕೈಗೆ ಗೊತ್ತಿರಬೇಕು. ನನ್ನ ಕೈಗೆ ಗೊತ್ತಿತ್ತು. ಅದರ ಜಂಬವೂ ಇತ್ತು.

ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಸೊರಬದ ಕಡೆಯ ಹೊಸಬಾಳೆಯಿಂದ ಅಣ್ಣತಮ್ಮಂದಿರಿಬ್ಬರು ಬಂದು ಗಾಡಿ ಕಟ್ಟಿಕೊಡಲು ಹೇಳಿದರು. ಎತ್ತು ಸಾಕಿದವನು ಅಣ್ಣ, ಓಡಿಸುವವನು ತಮ್ಮ.

"ಹಗುರ ಇರ್ಲಿ ಕಣ್ರೀ. ಹಿಂದೆ ಗಾಡಿ ಐತೆ ಅಂತ ಎತ್ತಿಗೆ ಗೊತ್ತೇ ಆಗ್ಬಾರ್ದು" ಎಂದ ಅಣ್ಣ.

ಎರಡು ಚಕ್ರಗಳ ನಡುವಿನ ಅಚ್ಚುಮರವನ್ನು ಕೆತ್ತುತ್ತಾ ಹೋದಾಗ ಒಳಗೊಂದು ಕೂದಲೆಳೆಯಂಥ ಸೀಳು ಕಾಣಿಸಿತು. ಬೇರೆ ಮರ ಹಾಕಬೇಕಿತ್ತು. ಓಟಕ್ಕೆ ಎರಡೇ ದಿನ ಉಳಿದಿತ್ತು. ಓಟದ ಬಯಲಿನಲ್ಲಿ ನನ್ನ ಗಾಡಿ ಇಲ್ಲದೆ ಓಟ ನಡೆಯುವುದು ನನಗೆ ಬೇಕಿರಲಿಲ್ಲ. ಸೀಳಿಗೆ ಅರಗು ತುಂಬಿ, ಮೇಲೆ ಎಣ್ಣೆ ಸವರಿ ಕೊಟ್ಟುಬಿಟ್ಟೆ.

ಓಟದಲ್ಲಿ ನಮ್ಮ ಗಾಡಿಯೇ ಮುಂದಿತ್ತು. ತಿರುವಿನಲ್ಲಿ ಅಚ್ಚು ಮುರಿದು ಮಗುಚಿತು. ತಮ್ಮ ದೂರ ಹೋಗಿ ಬಿದ್ದ. ಬಲಗಡೆಯ ಎತ್ತಿನ ಮುಂಗಾಲು ಮುರಿದಿತ್ತು.

ಅಣ್ಣ ಓಡಿಬಂದು ಜನರೆದುರಿಗೇ ತಮ್ಮನ ಕೆನ್ನೆಗೆ ಹೊಡೆದ. "ತಿರುವಲ್ಲಿ ಹಗ್ಗ ಜಗ್ಗಬ್ಯಾಡ ಅಂದಿರ್ಲಿಲ್ವೇನೋ?"

"ನಾ ಜಗ್ಗಿಲ್ಲ ಅಣ್ಣಾ, ಅಚ್ಚು ತಾನಾಗೇ ಮುರೀತು."

ಅಣ್ಣ ನನ್ನತ್ತ ತಿರುಗಿದ. "ನೀವು ಹೇಳ್ರಿ."

"ಹಂಗೆ ತಿರುಗಿಸಿದ್ರೆ ಯಾವ ಅಚ್ಚೂ ತಡ್ಯಲ್ಲ ರೀ" ಎಂದೆ.

ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೇಸಿಗೆ ಕಳೆಯುವಷ್ಟರಲ್ಲಿ ಅವರಿಬ್ಬರೂ ಪಾಲಾಗಿ ಬೇರೆ ಬೇರೆ ಮನೆ ಮಾಡಿದರೆಂದು ಸಂತೆಯಲ್ಲಿ ಕೇಳಿದೆ. ಗಾಡಿ ಬೇಕೆಂದು ನನ್ನಲ್ಲಿಗೆ ಜನ ಬರುತ್ತಲೇ ಇದ್ದರು. ನಾನು ಮಾತ್ರ ಒಂದೊಂದು ಅಚ್ಚುಮರವನ್ನೂ ತಿರುಗಿಸಿ ತಿರುಗಿಸಿ ಸೀಳು ಹುಡುಕುತ್ತಿದ್ದೆ.

ವರ್ಷದ ಮೇಲೆ ಹೊಸಬಾಳೆಗೆ ಹೋದೆ. ಮೊದಲು ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. "ನಂದು ತಪ್ಪಿಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು. ಅಣ್ಣನಿಗೆ ಹೇಳಿ, ಬನ್ನಿ" ಎಂದು ಎದ್ದು ನಡೆದ.

ಅಣ್ಣನ ಅಂಗಳದಲ್ಲಿ ನಿಂತು ಮತ್ತೆ ಹೇಳಿದೆ. ಅವನು ಎದ್ದು ತಮ್ಮನ ಹತ್ತಿರ ಬಂದ. ಆಮೇಲೆ ನನ್ನನ್ನಲ್ಲ, ತಮ್ಮನನ್ನು ಕೇಳಿದ: "ಊಟ ಆತೇನೋ?"

ಇಬ್ಬರೂ ಒಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ; ಕರೆಯಬೇಕಾಗಿಯೂ ಇರಲಿಲ್ಲ.

ಓಟದ ಗಾಡಿ ಕಟ್ಟುವುದನ್ನು ಅಂದೇ ಬಿಟ್ಟೆ. ಯಾಕೆಂದು ಕೇಳಿದವರಿಗೆ ಕಣ್ಣು ಮಂಜಾಗಿದೆ ಎನ್ನುತ್ತಿದ್ದೆ. ನಮ್ಮೂರಿನವರ ಮುಂದೆ ನಿಜ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.