ಕಡೆಯ ಸೀರೆಯ ಗಂಜಿ

ರಬಕವಿಯಲ್ಲಿ ನಮ್ಮ ನೆರೆಮನೆಯ ಕಾಕು ಸೀರೆ ನೇಯುತ್ತಿದ್ದಳು. ಹರೆಯದಲ್ಲಿ ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನೇ ಎತ್ತಿ ಬೇಡಿ ಬಂದವರಿಗೆ ಕೊಡುತ್ತಿದ್ದಳಂತೆ. ನಾನು ಸೊಸೆಯಾಗಿ ಬಂದಾಗ ಆಕೆಗೆ ಮನೆ ತುಂಬ ಮಕ್ಕಳು. ಮಗ್ಗದಿಂದ ಏಳದೆಯೇ "ಮುಂದಕ್ಕ ಹೋಗ್ರಿ" ಎಂದು ಕೂಗುತ್ತಿದ್ದಳು. ಮಕ್ಕಳು ದುಡಿಯತೊಡಗಿದ ಮೇಲೆ ಆಕೆಯ ಕೈ ಮತ್ತೆ ಬಿಚ್ಚಿತು. ಬೇಡಿದವರಿಗೆ ಹೊದೆಯುವ ಕೌದಿ ಹೋಯಿತು, ತಾಮ್ರದ ಕೊಡ ಹೋಯಿತು.

"ಕೊಡೂದಕ್ಕೂ ಒಂದ್ ವಯಸ್ಸು ಬರಬೇಕವಾ" ಎಂದು ನಗುತ್ತಿದ್ದಳು. ಆ ಹೊತ್ತಿಗೆ "ಮುಂದಕ್ಕ ಹೋಗ್ರಿ" ಎನ್ನುವ ಸರದಿ ನನ್ನದಾಗಿತ್ತು.

ಆದರೆ ಪೆಟ್ಟಿಗೆಯ ತಳದಲ್ಲಿದ್ದ ಒಂದು ಸೀರೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ತಾನು ಸತ್ತಾಗ ಉಡಿಸಲೆಂದು ಆಕೆಯೇ ನೇಯ್ದಿಟ್ಟುಕೊಂಡದ್ದು ಅದು.

ಒಂದು ಬೆಳಿಗ್ಗೆ ನೀರಿಗೆ ಹೋದವಳು ನಿಂತುಬಿಟ್ಟೆ. ಕಾಕು ಅದೇ ಸೀರೆಯನ್ನು ಕಲ್ಲಿಗೆ ಬಡಿದು ಒಗೆಯುತ್ತಿದ್ದಳು.

"ಅಯ್ಯ, ಏನ್ ಮಾಡಾಕತ್ತೀರಿ ಕಾಕೂ!" ಎಂದು ಚೀರಿದೆ.

"ನೂಲಿಗೆ ಹಾಕಿದ ಗಂಜಿ ಹೋಗಬೇಕಲ್ಲ. ಹಿತ್ತಲ ಗುಡಿಸಲದಾಗ ಕೂಸು ಹುಟ್ಟೈತಿ, ಸುತ್ತಾಕ ಅರಿವಿ ಇಲ್ಲ. ಹೊಸಾದು ಮೈಗೆ ಚುಚ್ಚತೈತಿ."

"ಮತ್ತ ನಿಮಗ?"

ಹಿಂಡಲು ಒಂದು ತುದಿಯನ್ನು ನನ್ನ ಕೈಗಿತ್ತು ಕಾಕು ಹೇಳಿದಳು: "ನನಗ ನೀ ಉಡಸೀಯಂತ. ಅವಸರ ಇಲ್ಲ, ನಿನಗ ಆ ಕೊಡೂ ವಯಸ್ಸು ಬರೂತನಕಾ ಕಾಯತೇನಿ."